ಹಿಂದಕ್ಕೆ ಮುಖ ಮಾಡಿದ ಸೀಟು

ಸವಣೂರಿನ ಖಾರಾ ಪ್ಲಾಸ್ಟಿಕ್ ಚೀಲದಲ್ಲಿ ಬಂದರೆ ನನಗೆ ರುಚಿ ಹತ್ತುವುದಿಲ್ಲ. ಅದು ಹಳೆಯ ಪೇಪರಿನಲ್ಲಿಯೇ ಬರಬೇಕು. ಎಣ್ಣೆ ಇಳಿದು ಆಚೆ ಪುಟದ ಅಕ್ಷರ ಈಚೆಗೆ ಮೂಡಿರಬೇಕು. ಶೇಂಗಾಕಾಳು ಆರಿಸಿ ಆರಿಸಿ ತಿಂದು ಮುಗಿಸುವ ಹೊತ್ತಿಗೆ, ತಳದಲ್ಲಿ ನನಗೆ ಬೇಕಿಲ್ಲದ ಯಾವುದೋ ಸುದ್ದಿಯನ್ನು ಪೂರ್ತಿ ಓದಿ ಮುಗಿಸಿರಬೇಕು. ಜಗತ್ತಿನ ಬಗ್ಗೆ ನನಗಿರುವ ತಿಳಿವಳಿಕೆ ಬಹುಪಾಲು ಹೀಗೆ ಖಾರದ ಕೆಳಗಿನಿಂದ ಬಂದದ್ದು. ಅದಕ್ಕೇ ಇರಬೇಕು, ಅದು ಯಾವಾಗಲೂ ಅರ್ಧಕ್ಕೆ ಹರಿದಿರುತ್ತದೆ.

ಹೋದ ವಾರ ಹಾಗೆ ತಳ ಮುಟ್ಟಿದಾಗ ಒಂದು ಕಾರು ಸಿಕ್ಕಿತು. ಮೇಲೆ ಚಾವಣಿ ಇಲ್ಲ, ಇಬ್ಬರು ಕೂತರೆ ಮುಗಿಯಿತು, ಉದ್ದ ಮೂತಿ, ಎರಡು ಗುಂಡು ದೀಪ. ನೋಡಿದರೆ ಅಜ್ಜನ ಕಾಲದ್ದು, ಓದಿದರೆ ಇನ್ನೂ ಹುಟ್ಟಬೇಕಾದದ್ದು. ಇಂಥ ಗಾಡಿಗೆ ರೋಡ್‌ಸ್ಟರ್ ಎನ್ನುತ್ತಾರಂತೆ. ಪರದೇಶದ ಯಾವುದೋ ಕಂಪನಿ ಮೊದಲು ಬರೀ ತೋರಿಸಲಿಕ್ಕೆಂದು ಒಂದನ್ನು ಮಾಡಿತ್ತಂತೆ. ಅದಕ್ಕೆ ಕಾನ್ಸೆಪ್ಟ್ ಕಾರು ಎಂದು ಹೆಸರು. ಜನ ಮುಗಿಬಿದ್ದು ನೋಡಿದರೆಂದು ಈಗ ಮಾರಾಟಕ್ಕೂ ಮಾಡುತ್ತಾರಂತೆ, ಆದರೆ ಬೆರಳೆಣಿಕೆಯಷ್ಟು ಮಾತ್ರ. ಎಷ್ಟು ಎಂಬ ಅಂಕಿ ಇದ್ದ ಜಾಗವನ್ನು ಎಣ್ಣೆ ಕುಡಿದುಬಿಟ್ಟಿತ್ತು.

ನಾನು ಒಬ್ಬನೇ ನಕ್ಕೆ. ಅಡುಗೆಮನೆಯಿಂದ ನಮ್ಮ ಮನೆಯಾಕೆ ಪಾರ್ವತಿ ಕೇಳಿದಳು.

"ಏನಾತ್ರಿ? ಪೇಪರ್‌ನ್ಯಾಗ ನಿಮ್ಮ ಫೋಟೋ ಬಂದೈತೇನು?"

"ನಂದಲ್ಲ, ರಾಜೇಸಾಬನ ಗಾಡೀದು."

ಆಕೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. "ಇದರಾಗ ಇಬ್ರೂ ಮುಂದಕ್ಕ ನೋಡಾಕತ್ತಾರ. ಇದು ರಾಜೇಸಾಬಣ್ಣಂದು ಹೆಂಗ ಆಕ್ಕತಿ?" ಎಂದು ಒಳಗೆ ಹೋದಳು. ನಾನು ನಿಮಗೆ ನಾಲ್ಕು ಪುಟದಲ್ಲಿ ಹೇಳಬೇಕೆಂದುಕೊಂಡದ್ದನ್ನು ಆಕೆ ಒಂದೇ ಮಾತಿನಲ್ಲಿ ಮುಗಿಸಿದಳು. ನಲವತ್ತು ವರ್ಷದಿಂದ ಹೀಗೇ ನಡೆದಿದೆ.

ಇರಲಿ, ನಾನು ನಾಲ್ಕು ಪುಟದಲ್ಲಿಯೇ ಹೇಳುತ್ತೇನೆ.

ನಾನು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಹಾನಗಲ್ಲಿನಿಂದ ಹೊರಟರೆ ಒಂದು ದಿನ ಶಿಗ್ಗಾಂವಿ, ಒಂದು ದಿನ ಸವಣೂರು, ಇನ್ನೊಂದು ದಿನ ಹಿರೇಕೆರೂರು. ನೀವು ಗಮನಿಸಿದ್ದೀರೋ ಇಲ್ಲವೋ, ಬಸ್ಸು ಮುಂದಕ್ಕೆ ಹೋಗುತ್ತದೆ, ಕಂಡಕ್ಟರು ಮಾತ್ರ ಹಿಂದಕ್ಕೆ ಮುಖ ಮಾಡಿಕೊಂಡು ಹೋಗುತ್ತಾನೆ. ಜನ ಇರುವುದು ಆ ಕಡೆ. ಹೀಗಾಗಿ ನಮ್ಮ ನಾಲ್ಕೂ ತಾಲೂಕುಗಳ ಬೆನ್ನಷ್ಟೇ ನನಗೆ ಚೆನ್ನಾಗಿ ಪರಿಚಯ. ನಿವೃತ್ತಿಯಾದ ಮೇಲೆ ಒಮ್ಮೆ ಅಳಿಯ ತನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದಾಗ, ಎದುರು ಬಂದ ಊರನ್ನು ನೋಡಿ ಇದು ಯಾವ ಊರಪ್ಪ ಎಂದು ಕೇಳಿದೆ. ಅದು ಬಂಕಾಪುರವಾಗಿತ್ತು. ಅದರೊಳಗೆ ನಾನು ಹತ್ತು ಸಾವಿರ ಸಲವಾದರೂ ಹಾದುಹೋಗಿದ್ದೇನೆ. ಅಳಿಯ ಈಗಲೂ ಈ ಕತೆಯನ್ನು ಬೀಗರ ಮನೆಗಳಲ್ಲಿ ಹೇಳಿ ಚಹಾ ಕುಡಿದು ಬರುತ್ತಾನೆ.

ಹಿಂದಕ್ಕೆ ಮುಖ ಮಾಡುವ ರೂಢಿ ನನಗೆ ನೌಕರಿಯಿಂದ ಬಂದದ್ದಲ್ಲ. ಅದನ್ನು ಹಚ್ಚಿಕೊಟ್ಟವರು ರಾಜೇಸಾಬನ ತಂದೆ, ಹುಸೇನ್ ಚಾಚಾ.

ನನ್ನ ಅವ್ವನ ತವರುಮನೆ ಸವಣೂರು. ಅಪ್ಪ ಹುಬ್ಬಳ್ಳಿಯಲ್ಲಿ ಮಿಲ್ಲಿನ ಕೆಲಸಕ್ಕಿದ್ದರು. ಶಾಲೆಗೆ ಸೂಟಿ ಬಂತೆಂದರೆ ಅವ್ವ, ನಾನು ಪ್ಯಾಸೆಂಜರ್ ರೈಲು ಹತ್ತಿ ಯಲವಿಗಿ ಸ್ಟೇಶನ್ನಿನಲ್ಲಿ ಇಳಿಯುತ್ತಿದ್ದೆವು. ಅಲ್ಲಿಂದ ಸವಣೂರಿಗೆ ಹುಸೇನ್ ಚಾಚಾನ ಟಾಂಗಾ. ಆತ ಟಾಂಗಾ ಹೊಡೆಯುವವನಷ್ಟೇ ಅಲ್ಲ, ಕಟ್ಟುವವನೂ ಹೌದು. ಆ ಕಡೆ ಓಡಾಡುತ್ತಿದ್ದ ಟಾಂಗಾಗಳೆಲ್ಲ ಆತನ ಶೆಡ್ಡಿನಲ್ಲಿಯೇ ಹುಟ್ಟಿದವು. ಗಂಡಸರು ಮುಂದೆ ಚಾಚಾನ ಪಕ್ಕ ಕೂರುವರು. ಹೆಣ್ಣುಮಕ್ಕಳು, ನನ್ನಂಥ ಸಣ್ಣವರು ಹಿಂದೆ, ಕಾಲು ಇಳಿಬಿಟ್ಟುಕೊಂಡು, ಬಂದ ದಾರಿಯನ್ನು ನೋಡಿಕೊಂಡು.

ಸವಣೂರಿಗೆ ಬರುವಾಗ ಈ ಸೀಟು ನನಗೆ ಸೇರುತ್ತಿರಲಿಲ್ಲ. ಅಜ್ಜಿಯ ಮನೆ ಬಂದದ್ದು ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು ನಮಗೇ. ಅದರ ಬೆಲೆ ತಿಳಿಯುತ್ತಿದ್ದುದು ತಿರುಗಿ ಹೋಗುವ ದಿನ. ಅಜ್ಜಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಟಾಂಗಾ ಹೊರಟರೆ ಅವ್ವ ಅಳುತ್ತಿರಲಿಲ್ಲ, ಕಣ್ಣಿಗೆ ಕಂಡದ್ದನ್ನು ಸಣ್ಣ ದನಿಯಲ್ಲಿ ಒಪ್ಪಿಸುತ್ತ ಹೋಗುತ್ತಿದ್ದಳು. "ಈಗ ಸೆರಗು ಹೊತ್ಕೊಂಡ್ಲು. ಈಗ ಒಳಗ ಹೊಂಟ್ಲು. ಇಲ್ಲ, ತಿರುಗಿ ನಿಂತ್ಲು." ದೊಡ್ಡ ಹುಣಸೆಮರಗಳ ಕಡೆಯ ತಿರುವು ಬರುವವರೆಗೂ ಚಾಚಾ ಕುದುರೆಯನ್ನು ಓಡಿಸುತ್ತಿರಲಿಲ್ಲ, ನಡೆಸುತ್ತಿದ್ದ. ತಿರುವು ದಾಟಿದ ಮೇಲಷ್ಟೇ ಲಗಾಮು ಸಡಿಲ.

ಈ ಸೀಟನ್ನು ಹೀಗೆ ಉಲ್ಟಾ ಯಾಕೆ ಹಾಕಿದ್ದೀಯೆಂದು ನಾನು ಒಮ್ಮೆ ಕೇಳಿದ್ದೆ. ಭಾರ ಸರಿತೂಗಬೇಕು, ಕುದುರೆಯ ಹೆಗಲಿಗೆ ಹೊರೆಯಾಗಬಾರದು, ಹಾಗೆಂದು ಎಲ್ಲ ಟಾಂಗಾದವರೂ ಹೇಳುತ್ತಾರೆ. ಚಾಚಾ ಹೇಳಿದ್ದೇ ಬೇರೆ.

"ಮುಂದ ನೋಡಾಕ ನಾ ಅದೇನಿ, ಕುದರಿ ಐತಿ. ಹಿಂದ ಉಳದವ್ರನ್ನ ನೋಡಾಕ ಯಾರರ ಬೇಕಲ್ಲೋ ತಮ್ಮಾ."

ಈ ಮಾತು ಕೇಳಿದಾಗ ಶೆಡ್ಡಿನ ಮೂಲೆಯಲ್ಲಿ ನನ್ನ ವಯಸ್ಸಿನವನೇ ಒಬ್ಬ ಮೊಳೆ ನೆಟ್ಟಗೆ ಮಾಡುತ್ತ ಕೂತಿದ್ದ. ಅವನೇ ರಾಜೇಸಾಬ. ಅವನು ಅದನ್ನು ನನಗಿಂತ ಗಟ್ಟಿಯಾಗಿ ಕೇಳಿಸಿಕೊಂಡಿದ್ದನೆಂದು ನನಗೆ ತಿಳಿದದ್ದು ಐವತ್ತೈದು ವರ್ಷದ ಮೇಲೆ.

ಟಾಂಗಾಗಳು ಹೋದವು. ರಾಜೇಸಾಬ ಅದೇ ಶೆಡ್ಡಿನಲ್ಲಿ ಲಾರಿ ಬಾಡಿ ಕಟ್ಟಿದ, ಟ್ರಂಕು ಮಾಡಿದ, ನೀರಿನ ಟಾಕಿಗೆ ಮುಚ್ಚಳ ಬಡಿದ. ಆದರೆ ಚಾಚಾ ತನ್ನ ಕೈಯಾರೆ ಕಾಸಿ, ಬಗ್ಗಿಸಿ, ಹದ ಮಾಡಿದ ಟಾಂಗಾ ಸೀಟಿನ ಕಮಾನುಗಳು, ಅಂದರೆ ಕೂತರೆ ಕುಗ್ಗಿ ಏಳುವ ಉಕ್ಕಿನ ಪಟ್ಟಿಗಳು, ಮೂರು ಜೋಡಿ ಉಳಿದಿದ್ದವು. ಅವನ್ನು ಗೋಡೆಗೆ ತೂಗುಹಾಕಿ, ತಿಂಗಳಿಗೊಮ್ಮೆ ಎಣ್ಣೆ ಸವರುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಮನೆಗೊಬ್ಬರಾದರೂ ಇಂಥ ಕೆಲಸ ಮಾಡುವವರು ಇರುತ್ತಾರೆ, ಬಿಟ್ಟುಬಿಡುತ್ತೇವೆ.

ಹೋದ ವರ್ಷ ಮಳೆಗಾಲದಲ್ಲಿ ಅವನ ಫೋನು ಬಂತು. "ಶಿವಪ್ಪಾ, ಬಾ ಇಲ್ಲೆ. ಒಂದು ಚೀಜ್ ತೋರಸ್ತೇನಿ."

ಹೋದೆ. ಶೆಡ್ಡಿನಲ್ಲಿ ಒಂದು ಕಾರು ನಿಂತಿತ್ತು. ಮಗ ಇರ್ಫಾನನ ಮೊಬೈಲಿನಲ್ಲಿ ಯಾವುದೋ ಹಳೇ ನಮೂನೆಯ ರೋಡ್‌ಸ್ಟರಿನ ಚಿತ್ರ ನೋಡಿ, ಮೂರು ತಿಂಗಳು ತಗಡು ಬಡಿದು ಮಾಡಿದ್ದನಂತೆ. ಹಸಿರು ಬಣ್ಣ, ಉದ್ದ ಮೂತಿ, ಹಿತ್ತಾಳೆಯ ದೀಪ. ನಿಜ ಹೇಳುತ್ತೇನೆ, ಚೆಂದವಿತ್ತು. ನಾನು ಹತ್ತಬೇಕೆಂದು ಎಡಕ್ಕೆ ಹೋದೆ, ಬಾಗಿಲಿಲ್ಲ. ಬಲಕ್ಕೆ ಹೋದೆ, ಅಲ್ಲಿಯೂ ಇಲ್ಲ.

"ಬಾಗಲಾ ಎಲ್ಲೈತೋ?"

"ಬಾಗಲಾ ಯಾತಕ್ಕ? ಹಿಂದ ಪಾವಟಿಗಿ ಐತಿ, ಹತ್ತು."

ಹಿಂದೆ ಹೋಗಿ ನೋಡಿದರೆ ಟಾಂಗಾದ ಕಬ್ಬಿಣದ ಮೆಟ್ಟಿಲು, ಅದರ ಮೇಲೆ ಟಾಂಗಾದ ಸೀಟು, ಹಿಂದಕ್ಕೆ ಮುಖ ಮಾಡಿದ್ದು. ಹೊಡೆಯುವವನು ಮುಂದೆ ನೋಡಬೇಕು, ಕೂತವರು ಹಿಂದೆ ನೋಡಬೇಕು, ನಡುವೆ ಇಬ್ಬರ ಬೆನ್ನಿಗೂ ಒಂದೇ ಹಲಗೆ. ಕೂತೆ. ಕೆಳಗೆ ಚಾಚಾನ ಕಮಾನು ಒಮ್ಮೆ ಮೆಲ್ಲಗೆ ಕುಗ್ಗಿ ಎದ್ದಿತು. ಅವ್ವನ ಮಗ್ಗುಲಲ್ಲಿ ಕೂತ ಹಾಗಾಯಿತು. ಮುಖ ಬೇರೆ ಕಡೆ ತಿರುಗಿಸಿಕೊಂಡು, ಇಂಜಿನ್ನು ತೋರಿಸು ಎಂದೆ. ರಾಜೇಸಾಬ ಆ ಉದ್ದ ಮೂತಿಯ ಮುಚ್ಚಳ ಎತ್ತಿದ. ಒಳಗೆ ಒಂದು ಚಹಾದ ಥರ್ಮಾಸು, ಎರಡು ಗ್ಲಾಸು ಇದ್ದವು.

"ಮೊದಲ ಜನಾ ನೋಡ್ಲಿ. ಆಮ್ಯಾಲ ಇಂಜಿನ್" ಎಂದು ಚಹಾ ಬಗ್ಗಿಸಿದ.

ಈಗ ಹೇಳಿ, ಆ ಪರದೇಶದ ಕಂಪನಿ ಇದಕ್ಕಿಂತ ಹೆಚ್ಚು ಏನು ಮಾಡಿತು? ಚಹಾ ಕೊಟ್ಟಿರಲಿಕ್ಕೂ ಇಲ್ಲ.

ಜನ ನೋಡುವ ದಿನವೂ ಬಂತು. ಆಗಸ್ಟ್ ಹದಿನೈದಕ್ಕೆ ಊರ ಶಾಲೆಗಳ ಮೆರವಣಿಗೆ. ನಾಲ್ಕು ಜನ ಕಾರನ್ನು ತಳ್ಳಬೇಕು, ರಾಜೇಸಾಬ ಸ್ಟಿಯರಿಂಗ್ ಹಿಡಿಯಬೇಕು, ಹಿಂದಿನ ಸೀಟಿನಲ್ಲಿ ಟೋಪಿ ಹಾಕಿಕೊಂಡು ಒಬ್ಬ ಗೌರವಸ್ಥರು ಕೂರಬೇಕು. ಗೌರವಸ್ಥರು ಸಿಗಲಿಲ್ಲವೆಂದು ನನ್ನನ್ನು ಕೂರಿಸಿದರು. ಕಾರಿನ ಬೆನ್ನಿಗೇ ಹೈಸ್ಕೂಲಿನ ಬ್ಯಾಂಡಿನವರು ಬರುತ್ತಿದ್ದರು. ಮಾರ್ಕೆಟ್ಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ದೊಡ್ಡ ಡ್ರಮ್ಮು ನನ್ನ ಮೊಣಕಾಲಿಗೆ ಮೂರು ಮೊಳ ದೂರದಲ್ಲಿ ಮೊಳಗುತ್ತ ಬಂತು. ನಾನು ಓಡಿಹೋಗುವ ಹಾಗಿರಲಿಲ್ಲ, ಆ ಕಡೆ ತಿರುಗುವ ಹಾಗೂ ಇರಲಿಲ್ಲ. ಯಾರೋ ವಿಡಿಯೋ ಮಾಡಿ ಬಿಟ್ಟರು. ಅದರ ಕೆಳಗೆ ಒಬ್ಬರು ಬರೆದಿದ್ದರಂತೆ: "ಅಜ್ಜ ಊರು ಬಿಟ್ಟು ಹೊಂಟಾನ, ಆದ್ರ ಮನಸ್ಸಿಲ್ಲ." ಪಾರ್ವತಿ ಅದನ್ನು ಬೀಗರಿಗೆಲ್ಲ ಕಳಿಸಿದಳು.

ನನ್ನ ಪಾಡು ನಗೆಯಲ್ಲಿ ಹೋಯಿತು. ಇರ್ಫಾನನಿಗೆ ಹಾಗಾಗಲಿಲ್ಲ. ಅವನದು ಟೈಲ್ಸ್ ವ್ಯಾಪಾರ. ಬಾಡಿಗೆಯ ಸಣ್ಣ ಅಂಗಡಿ, ಅರ್ಧ ಮಾಲು ಬೀದಿಯಲ್ಲಿ ನಿಂತಿರುತ್ತಿತ್ತು. ವಿಡಿಯೋ ಬಂದ ಮೇಲೆ ಗಿರಾಕಿಗಳು ಬಂದು, ಟೈಲ್ಸನ್ನೂ ಹಿಂದುಮುಂದಾಗಿ ಹಚ್ಚಿಕೊಡ್ತೀರೇನ್ರಿ ಎಂದು ಕೇಳತೊಡಗಿದರು. ಮೂವತ್ತೈದು ವರ್ಷದ, ಎರಡು ಮಕ್ಕಳ ತಂದೆ, ಕೆಲಸದಲ್ಲಿ ಅಚ್ಚುಕಟ್ಟು. ಅವನಿಗೆ ಆ ಶೆಡ್ಡು ಬೇಕಾಗಿತ್ತು. ಬೇಕು ಎನ್ನುವುದರಲ್ಲಿ ತಪ್ಪೂ ಇರಲಿಲ್ಲ. ತಂದೆಗೆ ಒಂದು ಗಡುವು ಕೊಟ್ಟ: ದೀಪಾವಳಿಯೊಳಗೆ ಒಬ್ಬನಾದರೂ, ಬರೀ ಒಬ್ಬ, ಈ ಗಾಡಿ ನನಗೆ ಬೇಕು ಎಂದು ಮಾಡಿಸಿಕೊಂಡು ಹೋದರೆ ಶೆಡ್ಡು ಹಾಗೆಯೇ ಇರಲಿ. ಇಲ್ಲದಿದ್ದರೆ ಗೋಡೆಯ ಮೇಲಿನ ಕಮಾನು ಸಮೇತ ಎಲ್ಲ ಗುಜರಿಗೆ, ಶೆಡ್ಡು ಟೈಲ್ಸಿಗೆ. ರಾಜೇಸಾಬ ಆಗಲಿ ಎಂದ.

ಬಂದದ್ದು ಮೊದಲು ಹುಬ್ಬಳ್ಳಿಯ ಒಬ್ಬ ಹೋಟೆಲಿನವರು. ವಿಡಿಯೋ ನೋಡಿ ಬಂದಿದ್ದರು. ಹೋಟೆಲಿನ ಮುಂದೆ ಇಂಥವು ನಿಂತಿದ್ದರೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ, ಐದು ಮಾಡಿಕೊಡಿ, ಆದರೆ ಆ ಹಿಂದಿನ ಸೀಟನ್ನು ಮುಂದಕ್ಕೆ ತಿರುಗಿಸಿಬಿಡಿ ಎಂದರು. ಇರ್ಫಾನ್ ಅವರಿಗೆ ಕುರ್ಚಿ ಹಾಕಿ, ಫ್ಯಾನು ಹಚ್ಚಿ, ಕೋಲ್ಡ್ರಿಂಕ್ಸ್ ತರಿಸಿದ. ರಾಜೇಸಾಬ ಗೋಡೆಯ ಕಡೆ ಒಮ್ಮೆ ನೋಡಿದ.

"ನೀವು ಕೇಳೂದು ಭಾಳ ಕಡೆ ಸಿಗ್ತತ್ರಿ ಸಾಹೇಬ್ರ. ಇದು ಇಲ್ಲೆ ಅಷ್ಟ ಸಿಗ್ತತಿ" ಎಂದ.

ಅವರು ಕೋಲ್ಡ್ರಿಂಕ್ಸ್ ಅರ್ಧಕ್ಕೇ ಬಿಟ್ಟು ಹೋದರು. ಅಂದಿನಿಂದ ತಂದೆ ಮಗ ಮಾತು ಬಿಟ್ಟರು.

ಒಂದೇ ಮನೆಯಲ್ಲಿ ಮಾತು ಬಿಟ್ಟವರನ್ನು ನೀವು ನೋಡಿದ್ದೀರಲ್ಲ? ನಡುವೆ ಒಬ್ಬ ಹೆಣ್ಣುಮಗಳ ಪ್ರಾಣ ಹೋಗುತ್ತದೆ. ರಾಜೇಸಾಬನ ಹೆಂಡತಿ ಬೀಬಿಜಾನ್ ಊಟಕ್ಕೆ ಬಡಿಸುತ್ತಿದ್ದರೆ, ಎದುರಿಗೇ ಕೂತ ಮಗನಿಗೆ ಮುಟ್ಟಿಸಬೇಕಾದ ಮಾತನ್ನು ಈತ ಆಕೆಗೆ ಹೇಳುವನು. ಅವನ ಉತ್ತರವೂ ಆಕೆಯ ಮೂಲಕವೇ. ಒಂದು ದಿನ ಇರ್ಫಾನ್, ಸಾರಿನಲ್ಲಿ ಉಪ್ಪು ಕಮ್ಮಿಯಾಗಿದೆಯೆಂದು ಅವರಿಗೆ ಹೇಳು ಎಂದನಂತೆ. ಸಾರು ಮಾಡಿದ ಬೀಬಿಜಾನ್ ಅಂದು ಸೌಟು ಕೆಳಗಿಟ್ಟು, ಇಬ್ಬರೂ ನಿಮ್ಮ ನಿಮ್ಮ ಉಪ್ಪು ನೀವೇ ನೋಡಿಕೊಳ್ಳಿ ಎಂದು ಎದ್ದುಹೋದರು.

ನಾನು ಹಿರಿಯ, ಜಗಳ ಬಿಡಿಸುತ್ತೇನೆಂದು ಹೋದೆ. ಕ್ಷೌರದಂಗಡಿಯ ಕುರ್ಚಿಯ ಹಾಗೆ ಎರಡೂ ಕಡೆ ತಿರುಗುವ ಸೀಟು ಹಾಕಿದರೆ ಹೇಗೆ ಎಂದು ಸೂಚಿಸಿದೆ. ಒಂದು ತಿಂಗಳಲ್ಲಿ ಮೊದಲ ಸಲ ತಂದೆ ಮಗ ಒಂದಾದರು, ನನ್ನನ್ನು ಬೈಯಲಿಕ್ಕೆ. ಬೈದು ಮುಗಿದ ಮೇಲೆ ಮತ್ತೆ ಬೇರೆ ಬೇರೆ ಕಡೆ ಮುಖ ಮಾಡಿ ಕೂತರು.

ದೀಪಾವಳಿಗೆ ಇನ್ನು ಮೂರು ವಾರ ಇರುವಾಗ ಚಿಕ್ಕೇರೂರಿನ ಗುಡ್ಡಪ್ಪನವರು ಬಂದರು. ಹೊಲಮನೆಯವರು, ಹಿರೇಕೆರೂರು ತಾಲೂಕಿನಲ್ಲಿ ಹೆಸರಾದ ಹೋರಿ ಕಟ್ಟಿದವರು. ನಮ್ಮ ಸೀಮೆಯ ಹೋರಿ ಹಬ್ಬ ನೋಡದವರಿಗಾಗಿ ಒಂದು ಮಾತು: ದೀಪಾವಳಿಯಿಂದ ಶುರುವಾಗಿ ಊರೂರಿನಲ್ಲಿ ಹೋರಿಗಳ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಓಡಿಸುತ್ತಾರೆ. ಗಟ್ಟಿಗರು ಹಿಡಿದು ಕೊಬ್ಬರಿ ಹರಿದುಕೊಳ್ಳಬೇಕು. ಯಾರ ಕೈಗೂ ಸಿಗದೆ ಓಡಿದ ಹೋರಿಗೆ ಇರುವಷ್ಟು ಅಭಿಮಾನಿಗಳು ಮನುಷ್ಯರಿಗೆ ಸಿಗುವುದು ಕಷ್ಟ. ಗುಡ್ಡಪ್ಪನವರ ಹೋರಿಯ ಹೆಸರು ಹಠಮಾರಿ. ಅವರ ಜತೆಗೆ ಬಂದ ಇಬ್ಬರ ಅಂಗಿಯ ಮೇಲೂ ಅದರದೇ ಮುಖ.

ಗುಡ್ಡಪ್ಪನವರು ನೇರವಾಗಿ ಪಾವಟಿಗೆ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಅಂಗಿಯವರಲ್ಲಿ ಒಬ್ಬನನ್ನು ಕರೆದು ಬಗ್ಗಿ ನಿಲ್ಲೆಂದರು. ಅವನು ಕಿವಿಯ ಬಳಿ ಎರಡು ಬೆರಳು ಕೋಡು ಮಾಡಿಕೊಂಡು ನಿಂತ. ಇನ್ನೂ ಸ್ವಲ್ಪ ಹಿಂದೆ ಎಂದರು, ಸರಿದ. ಗುಡ್ಡಪ್ಪನವರು ಅವನ ಮುಖವನ್ನು ಬಹಳ ಪ್ರೀತಿಯಿಂದ ನೋಡಿದರು. ನೋಡುವುದು ಅವನನ್ನಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಮೆರವಣಿಗ್ಯಾಗ ಹೋರಿ ಹಿಂದ ಬರ್ತತ್ರಿ, ನಾ ಮುಂದ ಜೀಪಿನ್ಯಾಗ ಕುಂತಿರ್ತೇನಿ" ಎಂದರು. "ಕುತಗಿ ತಿರುವಿ ತಿರುವಿ ಸಾಕಾಗೇತಿ. ಅದರ ಮಾರಿ ನೋಡಕೋತ ಹೋಗಬೇಕಂದ್ರ ಇದ ಬೇಕು. ನಮ್ಮ ಹಳೇ ಜೀಪ್ ತಂದು ಬಿಡ್ತೇನಿ, ಅದರ ಮ್ಯಾಲ ಕೂಡಸ್ರಿ. ಆದ್ರ ಹಬ್ಬದ ಮುಂಜಾನಿ ನಮ್ಮೂರಾಗ ಓಡಿಕೋತ ಬಂದಿರಬೇಕು. ತಪ್ಪಿದ್ರ ಬ್ಯಾಡ."

ಇಂಥವು ಎಷ್ಟು ಮಾಡುತ್ತೀರೆಂದು ಅಂಗಿಯವನು ಕೇಳಿದ. ರಾಜೇಸಾಬ ಗೋಡೆ ನೋಡಿದ. ಮೂರು ಜೋಡಿಯಲ್ಲಿ ಒಂದು ಮಾದರಿ ಕಾರಿಗೆ ಹೋಗಿತ್ತು.

"ಎರಡ" ಎಂದ.

ನನಗೆ ತಿಳಿದ ಮಟ್ಟಿಗೆ ನಮ್ಮ ಸವಣೂರಿನಲ್ಲಿ ಸೀಮಿತ ಉತ್ಪಾದನೆ ಶುರುವಾದದ್ದು ಹೀಗೆ.

ಮೂರು ವಾರದಲ್ಲಿ ಜೀಪಿನ ಮೈ ಹೋಗಿ ಹೊಸ ಮೈ ಬಂತು. ಕಾಗದಪತ್ರದ ಪ್ರಕಾರ ಅದು ಈಗಲೂ ಜೀಪೇ. ಆ ವಿಷಯ ನಾವು ಗಟ್ಟಿಯಾಗಿ ಮಾತಾಡುವುದಿಲ್ಲ. ಹಬ್ಬದ ಮುಂಜಾನೆ ಅದನ್ನು ಚಿಕ್ಕೇರೂರಿಗೆ ಮುಟ್ಟಿಸಬೇಕಾಗಿತ್ತು. ರಾಜೇಸಾಬನ ಕಣ್ಣಿಗೆ ಪೊರೆ. ನನಗೆ ಬಸ್ಸಿನೊಳಗೆ ಸೀಟಿ ಊದುವುದಷ್ಟೇ ಗೊತ್ತು. ಗಾಡಿ ಹೊಡೆಯಬಲ್ಲವನು ಮನೆಯಲ್ಲಿ ಒಬ್ಬನೇ, ಅದು ಮುಟ್ಟದಿದ್ದರೆ ಶೆಡ್ಡು ಯಾರಿಗೆ ಹೋಗುವುದೋ ಅವನೇ. ನಾನು ಏನನ್ನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇರ್ಫಾನ್ ಕೀಲಿ ತೆಗೆದುಕೊಂಡು ಸೀಟಿನಲ್ಲಿ ಕೂತಿದ್ದ. ಮಾತು ಬಿಟ್ಟಿದ್ದನೇ ಹೊರತು ಕೊಟ್ಟ ಮಾತು ಬಿಟ್ಟಿರಲಿಲ್ಲ.

ಹಿಂದೆ ನಾನು, ರಾಜೇಸಾಬ. ಬೀಬಿಜಾನ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಹೊರಟೆವು.

ಊರು ದಾಟಿದೆವು. ಬಂಕಾಪುರದ ಕಡೆ ಹೊರಳಿದ ಮೇಲೆ ಇರ್ಫಾನ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಏನನ್ನೋ ಹುಡುಕಿದ. ಗಾಡಿಗೆ ಕನ್ನಡಿಯೇ ಇರಲಿಲ್ಲ. ರಾಜೇಸಾಬ ಹಾಕಿರಲಿಲ್ಲ. ಹಿತ್ತಾಳೆಯ ದೀಪಕ್ಕೆ ಮೂರು ದಿನ ಹೊಳಪು ಕೊಟ್ಟವನಿಗೆ ಕನ್ನಡಿಯ ನೆನಪಾಗಿರಲಿಲ್ಲ. ಟಾಂಗಾಕ್ಕೆ ಯಾರು ಕನ್ನಡಿ ಹಾಕುತ್ತಾರೆ? ಹಿಂದೆ ನೋಡಲಿಕ್ಕೆಂದೇ ಜನ ಕೂತಿರುತ್ತಾರಲ್ಲ.

"ಕಾಕಾ, ಹಿಂದ ಗಾಡಿ ಬರಾಕತ್ತಾವೇನು?" ಎಂದು ಇರ್ಫಾನ್ ಕೂಗಿ ಕೇಳಿದ.

ಬರುತ್ತಿತ್ತು, ಕಬ್ಬಿನ ಟ್ರ್ಯಾಕ್ಟರು. ಹೇಳಬೇಕೆಂದು ಬಾಯಿ ತೆಗೆದವನಿಗೆ ಎಲ್ಲಿಂದಲೋ ಒಂದು ಬುದ್ಧಿ ಬಂತು. ನನ್ನ ಜೀವನದಲ್ಲಿ ಸಮಯಕ್ಕೆ ಸರಿಯಾಗಿ ಬಂದ ಬುದ್ಧಿ ಅದೊಂದೇ. ಗೋಣು ಇಳಿಬಿಟ್ಟು ನಿದ್ದೆ ಬಂದವರ ಹಾಗೆ ಕೂತೆ. ಎರಡು ಸಲ ಕಾಕಾ ಎಂದ. ನಾನು ಸಣ್ಣಗೆ ಗೊರಕೆಯನ್ನೂ ಹೊಡೆದೆ. ಎದುರಿಗೆ ಒಂದು ತಿರುವು ಬರುತ್ತಿತ್ತು.

"ಅಬ್ಬಾ" ಎಂದು ತಂದೆಯನ್ನೇ ಕರೆದ ಇರ್ಫಾನ್. "ಹಿಂದ ಏನೈತಿ?"

ರಾಜೇಸಾಬ ಕಣ್ಣು ಕಿರಿದು ಮಾಡಿ ನೋಡಿದ. "ಟ್ರ್ಯಾಕ್ಟರ್. ದೂರ ಐತಿ. ನೀ ನಡಿ."

"ಈಗ?"

"ಈಗ ಬಸ್ ಬಂತು. ಎಡಕ್ಕ ತಗೋ, ಬಿಡು ಅದಕ."

ಹೀಗೆ ಶುರುವಾಯಿತು. ಮನೆಯಲ್ಲಿ ಅವರು ತಮ್ಮ ಉರ್ದು ಆಡುತ್ತಾರೆ. ಮಲಗಿದ್ದೇನೆಂದುಕೊಂಡರೂ ನನ್ನ ಮೇಲಿನ ಮರ್ಯಾದೆಗೋ, ರಸ್ತೆಯ ಮಾತು ರಸ್ತೆಯ ಭಾಷೆಯಲ್ಲಿ ಎಂದೋ, ಅಂದು ಕನ್ನಡದಲ್ಲಿಯೇ ಆಡಿದರು. ಜೀಪಿನ ಹಳೆಯ ಇಂಜಿನ್ನಿನ ಸದ್ದಿನಲ್ಲಿ ಇಬ್ಬರೂ ಕೂಗಿ ಆಡಬೇಕಾಗಿತ್ತು. ಎದುರುಬದುರು ಕೂತಾಗ ಬಾರದ ಮಾತು, ನಡುವೆ ಒಂದು ಹಲಗೆ ಇಟ್ಟು ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಬರುತ್ತಿತ್ತು. ಯಾರ ಮುಖದಲ್ಲಿ ಏನಿದೆಯೆಂದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ನನಗೆ ಒಂದು ಮುಖ ಮಾತ್ರ ಕಾಣುತ್ತಿತ್ತು, ಅದೂ ಅರೆಗಣ್ಣಿನಿಂದ.

ಹಾನಗಲ್ ಇನ್ನೂ ಬಂದಿರಲಿಲ್ಲ. ಹಿಂದೆ ರಸ್ತೆ ಖಾಲಿಯಿತ್ತು, ಕೇಳಲಿಕ್ಕೆ ಗಾಡಿಗಳೂ ಇರಲಿಲ್ಲ. ಇರ್ಫಾನ್ ಕೇಳಿದ.

"ಅಬ್ಬಾ, ನಾವು ಹೊಂಟಾಗ ಅಮ್ಮಿ ಎಷ್ಟೊತ್ತು ನಿಂತಿದ್ರು?"

"ತಿರುವು ಬರೂ ತನಕಾ. ಒಳಗ ಹೋದ್ಲು. ಮತ್ತ ಹೊರಗ ಬಂದ್ಲು."

ಸ್ವಲ್ಪ ದೂರ ಹೋದೆವು.

"ನಾ ಹುಬ್ಬಳ್ಳಿಗೆ ಫರ್ಶಿ, ಟೈಲ್ಸಿನ ಕೆಲಸಾ ಕಲಿಯಾಕ ಹೋಗ್ತಿದ್ನೆಲ್ಲ, ಬೆಳಗಿನ ಬಸ್ಸಿಗೆ. ಆವಾಗೂ ಹಿಂಗ ನಿಂದರ್ತಿದ್ರೇನು?"

"ನಾನೂ ನಿಂದರ್ತಿದ್ದೆ" ಎಂದ ರಾಜೇಸಾಬ. "ನೀ ಬಸ್ಸಿನ್ಯಾಗ ಮುಂದಕ್ಕ ಮಾರಿ ಮಾಡಿ ಕುಂದರ್ತಿದ್ದಿ. ನಿನಗ ಹೆಂಗ ಕಾಣಬೇಕು?"

ಅದರಲ್ಲಿ ಬೈಗುಳ ಇರಲಿಲ್ಲ. ಟ್ರ್ಯಾಕ್ಟರ್ ದೂರ ಐತಿ ಎಂದ ಹಾಗೆಯೇ ಹೇಳಿದ್ದ. ಗಾಡಿ ಸ್ವಲ್ಪ ನಿಧಾನವಾಯಿತು. ಯಾವುದೋ ತಗ್ಗಿತ್ತೇನೋ ಎಂದು ನಾನು ಅರೆಗಣ್ಣು ತೆರೆದು ನೋಡಿದೆ, ನಮ್ಮ ಕಾಲಡಿಯಿಂದ ಜಾರಿಹೋಗುತ್ತಿದ್ದ ರಸ್ತೆ ನೆಟ್ಟಗೇ ಇತ್ತು.

ಚಿಕ್ಕೇರೂರು ಮುಟ್ಟಿದಾಗ ಹಲಗೆ ಬಾರಿಸುತ್ತಿದ್ದರು. ಗುಡ್ಡಪ್ಪನವರು ಸೀಟು ಹತ್ತಿ ಕೂತರು. ಹಠಮಾರಿಯನ್ನು ತಂದು ಹಿಂದೆ ನಿಲ್ಲಿಸಿದರು. ಅದು ಹಿತ್ತಾಳೆಯನ್ನು ಮೂಸಿತು, ಪಾವಟಿಗೆಯನ್ನು ಮೂಸಿತು, ಸೀಟಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ಅರ್ಧ ತಿಂದು ಮುಗಿಸಿ ಮಾಲಕನ ಮುಖ ನೋಡಿತು. ಗುಡ್ಡಪ್ಪನವರು ಪಾಸಾತು ಎಂದರು. ಹೋರಿಗೆ ಹೇಳಿದರೋ ರಾಜೇಸಾಬನಿಗೆ ಹೇಳಿದರೋ ತಿಳಿಯಲಿಲ್ಲ, ರಾಜೇಸಾಬ ಮಾತ್ರ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಕನ್ನಡಿ ಇಲ್ಲವೆಂದು ನಾನು ನೆನಪು ಮಾಡಿದೆ. ಕನ್ನಡಿ ಯಾತಕ್ಕ, ನಾ ಅದೇನೆಲ್ಲ ಎಂದರು ಗುಡ್ಡಪ್ಪನವರು.

ತಿರುಗಿ ಬಸ್ಸಿಗೆ ಬಂದೆವು. ಸೀಟು ಖಾಲಿ ಇದ್ದರೂ ರೂಢಿಯಿಂದ ನಾನು ಡ್ರೈವರಿನ ಹಿಂದೆ ಕಂಬಿ ಹಿಡಿದು ಜನರ ಕಡೆ ಮುಖ ಮಾಡಿ ನಿಂತಿದ್ದೆ. ಕಂಡಕ್ಟರ್ ಹೆಣ್ಣುಮಗಳು ಬಂದು, ನಿಮ್ಮ ಡ್ಯೂಟಿ ಮುಗದೈತಿ ಕುಂದರ್ರಿ ಅಜ್ಜಾರ ಎಂದಳು. ಬಸ್ಸೆಲ್ಲ ನಕ್ಕಿತು. ಹಾಗೆ ನಿಂತದ್ದರಿಂದಲೇ ಎದುರಿನ ಸೀಟಿನಲ್ಲಿ ಅಕ್ಕಪಕ್ಕ ಕೂತ ಇಬ್ಬರೂ ನನಗೆ ಕಾಣುತ್ತಿದ್ದರು. ಮತ್ತೆ ಮಾತು ನಿಂತಿತ್ತು. ಹಾನಗಲ್ ಬರುವ ಮೊದಲು ಇರ್ಫಾನ್ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

"ಎರಡನೇದಕ್ಕ ಜೀಪ್ ಯಾರ ತರ್ತಾರಬ್ಬಾ?"

ತಂದವರು ಶಿಗ್ಗಾಂವಿ ತಾಲೂಕಿನ ದುಂಡಸಿಯ ಶಾಮಿಯಾನಾದವರು. ಮದುವೆಗಳಿಗೆ ಬಾಡಿಗೆ ಬಿಡುತ್ತಾರಂತೆ. ಗಂಡನ ಮನೆಗೆ ಹೊರಟ ಮದುಮಗಳು ಹಿಂದಕ್ಕೆ ನೋಡುತ್ತ ಹೋಗಬಹುದೆಂದು ರಾಜೇಸಾಬ ಅವರಿಗೆ ಹೇಳಿದ. ವಿಡಿಯೋದವನಿಗೂ ಅನುಕೂಲವೆಂದರು ಅವರು. ಒಬ್ಬೊಬ್ಬರಿಗೆ ಒಂದೊಂದು ಕಾರಣ.

ನಿನ್ನೆ ಆ ಎಣ್ಣೆಪೇಪರು ತೆಗೆದುಕೊಂಡು ಸವಣೂರಿಗೆ ಹೋಗಿದ್ದೆ. ಶೆಡ್ಡು ಶೆಡ್ಡಾಗಿಯೇ ಇದೆ. ಇರ್ಫಾನ್ ಅಂಗಡಿಯನ್ನು ಬಸ್‌ಸ್ಟ್ಯಾಂಡ್ ಕಡೆ ಹಾಕಿದ್ದಾನೆ, ಹೆಚ್ಚಾದ ಟೈಲ್ಸ್ ಪೆಟ್ಟಿಗೆಗಳು ಮಾತ್ರ ಮೂಲೆಯಲ್ಲಿ, ತಂದೆಯನ್ನು ಕೇಳಿ ಇಟ್ಟದ್ದು. ನಡುವೆ ಎರಡನೆಯ ಕಾರು, ಇನ್ನೇನು ಬಣ್ಣ ಹಚ್ಚುವುದು ಬಾಕಿ. ಗೋಡೆಯ ಮೇಲೆ ಕಮಾನುಗಳಿಲ್ಲ. ಅವು ತೂಗಿದ ಕಡೆ ಸುಣ್ಣ ಬಿಳಿಯಾಗಿ ಉಳಿದು ಮೂರು ಜೋಡಿ ಗುರುತು ಕಾಣುತ್ತವೆ.

ರಾಜೇಸಾಬ ಈಗ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾನೆ. ಕನ್ನಡಕ ಏರಿಸಿ ಪೇಪರನ್ನು ಬೆಳಕಿಗೆ ಹಿಡಿದ. ಪರದೇಶದ ಕಾರನ್ನು ಬಹಳ ಹೊತ್ತು ನೋಡಿದ. ಬೆರಳೆಣಿಕೆಯಷ್ಟೇ ಮಾಡುತ್ತಾರಂತೆ, ಆಮೇಲೆ ಮುಗಿಯಿತಂತೆ ಎಂದು ನಾನು ಓದಿ ಹೇಳಿದೆ.

"ಚಂದ ಮಾಡ್ಯಾರ" ಎಂದ ಮನಸಾರೆ. "ಅವರ ಕಡೆ ಕಮಾನು ಎಷ್ಟ ಜೋಡಿ ಉಳದಾವಂತ?"

ನಾನು ಎಣ್ಣೆ ಕುಡಿದ ಜಾಗ ತೋರಿಸಿದೆ.

ಸಂಜೆಯ ಬಸ್ಸಿಗೆ ಇರ್ಫಾನ್ ತನ್ನ ಸ್ಕೂಟರಿನಲ್ಲಿ ಬಿಡುತ್ತೇನೆಂದ. ಹತ್ತಿ ಕೂತೆ. ರಾಜೇಸಾಬ ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಸ್ಕೂಟರಿನ ಮೇಲೆ ಹಿಂದಕ್ಕೆ ಮುಖ ಮಾಡಿ ಕೂರುವ ವಯಸ್ಸು ನನ್ನದಲ್ಲ, ಅದು ಯಾರ ವಯಸ್ಸೂ ಅಲ್ಲ. ಸುಮ್ಮನೆ ಇರ್ಫಾನನ ಬೆನ್ನು ನೋಡುತ್ತ ಕೂತಿದ್ದೆ. ಹೊರಡುವ ಮೊದಲು ಅವನು ಬಲಗಡೆಯ ಕನ್ನಡಿಯನ್ನು ಹಿಡಿದು ತಿರುವಿದ, ಇನ್ನೂ ಸ್ವಲ್ಪ ತಿರುವಿದ. ಅದರೊಳಗೆ ನನ್ನ ಕಣ್ಣಿಗೆ ರಾಜೇಸಾಬ ಬಂದು ನಿಂತ.

"ನಿನಗ ಹಿಂದಿಂದು ಹೆಂಗ ಕಾಣ್ತತಿ ತಮ್ಮಾ?" ಎಂದೆ.

"ನೀವು ಹೇಳ್ರಿ ಕಾಕಾ" ಎಂದ.

ಸ್ಕೂಟರು ಮೆಲ್ಲಗೆ ಹೊರಟಿತು. ನಾನು ಕನ್ನಡಿ ನೋಡುತ್ತ ಹೇಳುತ್ತ ಹೋದೆ. ಈಗ ಕನ್ನಡಕ ತೆಗದಾ. ಈಗ ಒಳಗ ಹೊಂಟಾ. ಇಲ್ಲ, ತಿರುಗಿ ನಿಂತಾ.